ಎಲ್‌ಎಸ್‌ಡಿ ಆಕ್ಸಲ್‌ಗೆ ಯಾವ ನಂಬರಿನ ಗೇರ್ ಆಯಿಲ್? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ಆಚೆ ನಮ್ಮ ತೋಟದ ಗೇಟಿನ ಬಳಿ ರಸ್ತೆ ಒಮ್ಮೆಲೇ ಎಡಕ್ಕೆ ಹೊರಳುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಫೋರ್ ವೀಲ್ ಡ್ರೈವ್ ಪಿಕಪ್ ಆ ತಿರುವಿನಲ್ಲಿ ಪ್ರತಿಸಲವೂ ನಡುಗುತ್ತಿತ್ತು. ಎಲ್‌ಎಸ್‌ಡಿ, ಅಂದರೆ ಚಕ್ರದ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್, ಇದ್ದ ಹಿಂದಿನ ಆಕ್ಸಲ್‌ನಿಂದ ಗುರುಗುಟ್ಟುವ ಸದ್ದು ಹೊರಟು, ಸೀಟಿನ ಅಡಿಯವರೆಗೂ ಕಂಪನ ಬರುತ್ತಿತ್ತು. ನೇರ ರಸ್ತೆಯಲ್ಲಿ ಮಾತ್ರ ಯಾವ ಸದ್ದೂ ಇರಲಿಲ್ಲ. ಗ್ಯಾರೇಜೊಂದರಲ್ಲಿ ತೋರಿಸಿದೆ. "ಆಯಿಲ್ ತೆಳುವಾಗಿದೆ ಸಾರ್, ನೂರಾ ನಲವತ್ತು ಹಾಕಿದರೆ ಸದ್ದು ಅಡಗುತ್ತದೆ" ಎಂದರು, ಹಾಕಿಯೂ ಕೊಟ್ಟರು. ಮರುದಿನ ಬೆಳಗಿನ ಚಳಿಯಲ್ಲಿ ಗೇಟು ದಾಟುವಾಗ ಸದ್ದು ಮೊದಲಿಗಿಂತ ಹೆಚ್ಚಾಗಿತ್ತು.

ಆ ಮಳೆಗಾಲವೆಲ್ಲ ಹಾಗೆಯೇ ಓಡಿಸಿದೆ. ಕೊನೆಗೆ ಕೈಪಿಡಿ ತೆರೆದು ಓದಿ, ಅದರಲ್ಲಿ ಹೇಳಿದ್ದ 90ರ ನಂಬರಿಗೇ ಮರಳಿದೆ. ಆದರೆ ಈ ಸಲ ಡಬ್ಬಿಯ ಮೇಲೆ ಎಲ್‌ಎಸ್, ಅಂದರೆ ಲಿಮಿಟೆಡ್ ಸ್ಲಿಪ್, ಎಂದು ಬರೆದಿದ್ದ ಆಯಿಲ್ ತಂದೆ. ಕಾಫಿ ಕಣದಲ್ಲಿ ಎಂಟಿನ ಆಕಾರದಲ್ಲಿ ಹತ್ತು ಸುತ್ತು ಹೊಡೆದ ಮೇಲೆ ಗೇಟಿನ ತಿರುವು ಸದ್ದಿಲ್ಲದೆ ದಾಟಿತು. ಕಾಯಿಲೆ ಇದ್ದದ್ದು ಆಯಿಲ್‌ನ ಗುಣದಲ್ಲಿ, ಮದ್ದು ಕೊಟ್ಟದ್ದು ಅದರ ನಂಬರಿಗೆ. ಇದೇ ತಪ್ಪನ್ನು ಬಹಳ ಜನ ಮಾಡುವುದನ್ನು ನೋಡುತ್ತಿದ್ದೇನೆ. ಅದಕ್ಕೇ ನಂಬರು ಆರಿಸುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹಂತ 1: ನಿಮ್ಮ ಆಕ್ಸಲ್ ಒಳಗೆ ಇರುವುದು ಯಾವ ಎಲ್‌ಎಸ್‌ಡಿ?

ವಾಹನ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಈ ವ್ಯತ್ಯಾಸಕ್ಕೆ ದಾರಿ ಮಾಡಿಕೊಡುವುದೇ ಡಿಫರೆನ್ಷಿಯಲ್. ಆದರೆ ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅದೇ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಈ ಜಾರುವಿಕೆಗೆ ಮಿತಿ ಹಾಕುತ್ತದೆ. ಹೇಗೆ ಹಾಕುತ್ತದೆ ಎಂಬುದರ ಮೇಲೆ ಆಯಿಲ್‌ನ ಆಯ್ಕೆ ನಿಂತಿದೆ.

ನಮ್ಮಲ್ಲಿ ಹೆಚ್ಚು ಕಾಣುವುದು ಕ್ಲಚ್ ಪ್ಲೇಟ್ ಇರುವ ಬಗೆ. ಬೈಕಿನ ಕ್ಲಚ್‌ನಲ್ಲಿರುವಂಥ ಪ್ಲೇಟುಗಳ ಕಟ್ಟು ಸ್ಪ್ರಿಂಗಿನ ಒತ್ತಡದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ತಿರುವಿನಲ್ಲಿ ಅವು ನಯವಾಗಿ ಜಾರಬೇಕು, ಕೆಸರಿನಲ್ಲಿ ಹಿಡಿಯಬೇಕು. ಎರಡನೆಯ ಬಗೆ ಟಾರ್ಸನ್ ಮತ್ತು ಅದರಂಥ ಹೆಲಿಕಲ್, ಅಂದರೆ ಓರೆ ಹಲ್ಲಿನ, ಗೇರಿನ ಎಲ್‌ಎಸ್‌ಡಿಗಳು. ಇವುಗಳಲ್ಲಿ ಪ್ಲೇಟುಗಳ ಕಟ್ಟು ಇಲ್ಲ. ಹಲ್ಲುಗಳ ನಡುವಿನ ಮತ್ತು ಗೇರಿನ ತುದಿ ಕವಚಕ್ಕೆ ಒತ್ತುವಾಗಿನ ಘರ್ಷಣೆಯೇ ಕೆಲಸ ಮಾಡುತ್ತದೆ. ಮೂರನೆಯದು ವಿಸ್ಕಸ್ ಬಗೆ. ಮುಚ್ಚಿದ ಡಬ್ಬಿಯೊಳಗೆ ಸಿಲಿಕೋನ್ ದ್ರವವಿರುತ್ತದೆ, ಹೊರಗಿನ ಗೇರ್ ಆಯಿಲ್‌ಗೂ ಅದರ ಹಿಡಿತಕ್ಕೂ ಸಂಬಂಧವಿಲ್ಲ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿರುವ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಬೇರೆಯೇ ಜಾತಿಯದು. ಎಡ ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ತಾನಾಗಿಯೇ ಲಾಕ್ ಆಗುತ್ತದೆ. ಅದರಲ್ಲೂ ಪ್ಲೇಟುಗಳಿವೆ, ಆದರೆ ಮಾಮೂಲಿ ಓಟದಲ್ಲಿ ಅವು ಒತ್ತಿಕೊಂಡಿರುವುದಿಲ್ಲ.

ಕೈಪಿಡಿ ಇಲ್ಲದಿದ್ದರೆ ಹೀಗೆ ಪರೀಕ್ಷಿಸಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ, ಎಂಜಿನ್ ಬಂದ್ ಆಗಿರಲಿ. ಈಗ ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಚಕ್ರವೂ ಅದೇ ದಿಕ್ಕಿಗೆ ತಿರುಗಿದರೆ ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ ಇರುವ ಸಾಧ್ಯತೆ ಹೆಚ್ಚು. ವಿರುದ್ಧ ದಿಕ್ಕಿಗೆ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್ ಎಂದು ಕೂಡಲೇ ತೀರ್ಮಾನಿಸಬೇಡಿ. ಟಾರ್ಸನ್ ಬಗೆಯ ಹಲವು ಮತ್ತು ಥಾರ್‌ನಂಥ ಲಾಕರ್‌ಗಳೂ ಹಾಗೆಯೇ ತಿರುಗುತ್ತವೆ, ಪ್ಲೇಟು ತೀರಾ ಸವೆದ ಎಲ್‌ಎಸ್‌ಡಿಯೂ ಅಷ್ಟೇ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್‌ಎಸ್‌ಡಿ ಇರುವ ವಾಹನದಲ್ಲಿ ಒಂದೇ ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಸಾಹಸಕ್ಕೆ ಯಾವತ್ತೂ ಹೋಗಬೇಡಿ. ನೆಲದ ಮೇಲಿರುವ ಚಕ್ರಕ್ಕೂ ಶಕ್ತಿ ಹೋಗಿ ವಾಹನ ಜಾಕ್‌ನಿಂದ ಹಾರುತ್ತದೆ. ಅಡಿಯಲ್ಲಿ ಮಲಗಿದ್ದವರ ಗತಿ ಹೇಳಬೇಕಾಗಿಲ್ಲ.

ಹಂತ 2: ಡಬ್ಬಿಯ ಮೇಲಿನ ನಂಬರನ್ನು ಓದುವುದು

ಸ್ನಿಗ್ಧತೆ ಎಂದರೆ ದ್ರವ ಹರಿಯಲು ತೋರುವ ಪ್ರತಿರೋಧ. ಮಲೆನಾಡಿನವರಿಗೆ ಜೋನಿ ಬೆಲ್ಲದ ಡಬ್ಬಿ ನೆನಪಿಸಿಕೊಂಡರೆ ಸಾಕು. ಪುಷ್ಯದ ಬೆಳಗ್ಗೆ ಡಬ್ಬಿ ಬಗ್ಗಿಸಿದರೂ ಅದು ಇಳಿಯುವುದಿಲ್ಲ, ಚೈತ್ರದ ಮಧ್ಯಾಹ್ನ ತಟ್ಟೆಯ ತುಂಬ ಓಡಾಡುತ್ತದೆ. ಬೆಲ್ಲ ಅದೇ, ಬದಲಾದದ್ದು ಬಿಸಿ. ಗೇರ್ ಆಯಿಲ್‌ನ ಎರಡು ನಂಬರುಗಳು ಈ ಎರಡು ಹೊತ್ತಿನ ವರ್ತನೆಯನ್ನು ಹೇಳುತ್ತವೆ.

80ಡಬ್ಲ್ಯು-90 ಎಂಬುದರಲ್ಲಿ ಡಬ್ಲ್ಯು ಇರುವ ಭಾಗ ಚಳಿಗೆ ಸಂಬಂಧಿಸಿದ್ದು. ಎಸ್‌ಎಇ ಜೆ306 ಎಂಬ ಮಾನದಂಡ ಇದನ್ನು ನಿಗದಿ ಮಾಡುತ್ತದೆ. ಆಯಿಲ್‌ನ ಸ್ನಿಗ್ಧತೆ 1,50,000 ಸೆಂಟಿಪಾಯ್ಸ್ (ಸ್ನಿಗ್ಧತೆಯ ಒಂದು ಮಾನ) ದಾಟದೆ ಎಷ್ಟು ಚಳಿ ತಡೆಯಬೇಕು ಎಂಬುದೇ ಅಳತೆ. 75ಡಬ್ಲ್ಯುಗೆ ಅದು ಮೈನಸ್ 40 ಡಿಗ್ರಿ, 80ಡಬ್ಲ್ಯುಗೆ ಮೈನಸ್ 26, 85ಡಬ್ಲ್ಯುಗೆ ಮೈನಸ್ 12. ಅದಕ್ಕಿಂತ ಗಟ್ಟಿಯಾದರೆ ಆಕ್ಸಲ್‌ಗೆ ಶಕ್ತಿ ತರುವ ಚಿಕ್ಕ ಗೇರಿನ, ಅಂದರೆ ಪಿನಿಯನ್‌ನ, ಬೇರಿಂಗಿಗೆ ಆಯಿಲ್ ತಲುಪುವುದಿಲ್ಲ. ಕರ್ನಾಟಕದ ಯಾವ ಊರಿನಲ್ಲೂ 85ಡಬ್ಲ್ಯು ಹೆಪ್ಪುಗಟ್ಟಿ ನಿಲ್ಲುವ ಚಳಿ ಬೀಳುವುದಿಲ್ಲ. ಹೀಗಾಗಿ ಇಲ್ಲೇ ಓಡಾಡುವವರು ಮೊದಲ ನಂಬರಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಚಳಿಗಾಲದಲ್ಲಿ ಲಡಾಖ್‌ಗೆ ಹೋಗುವವರಿಗೆ, ಕೆನಡಾದಲ್ಲಿ ನೆಲೆಸಿದವರಿಗೆ ಮಾತ್ರ ಅದು ನಿಜವಾದ ಪ್ರಶ್ನೆ.

ಎರಡನೆಯ ನಂಬರು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 13.5ರಿಂದ 18.5 ಸೆಂಟಿಸ್ಟೋಕ್ಸ್‌ನೊಳಗಿದ್ದರೆ (ಇದೂ ಸ್ನಿಗ್ಧತೆಯ ಮಾನವೇ) ಅದು 90. 18.5ರಿಂದ 24ರವರೆಗೆ 110. 24ರಿಂದ 32.5ರವರೆಗೆ 140. ಈ 110 ಎಂಬ ದರ್ಜೆ ಬಂದದ್ದು 2005ರಲ್ಲಿ. ಅದಕ್ಕೆ ಮೊದಲು 13.5ರಿಂದ 24ರವರೆಗಿನ ಎಲ್ಲವೂ 90 ಎಂದೇ ಕರೆಸಿಕೊಳ್ಳುತ್ತಿತ್ತು. ಹಾಗಾಗಿ ಹಳೆಯ ವಾಹನದ ಕೈಪಿಡಿ 90 ಎಂದರೆ, ಇಂದಿನ ಲೆಕ್ಕದಲ್ಲಿ 110 ಕೂಡ ಅದರ ಒಳಗೇ ಬರುತ್ತದೆ. ಹಳೆಯ ವಾಹನಕ್ಕೆ ಕೊಂಚ ಗಟ್ಟಿ ಬೇಕೆನಿಸಿದರೆ ನೇರವಾಗಿ 140ಕ್ಕೆ ಹಾರದೆ ಮೊದಲು 75ಡಬ್ಲ್ಯು-110 ಹುಡುಕಿ ಎನ್ನುವುದು ಈ ಕಾರಣಕ್ಕೆ.

ಎಂಜಿನ್ ಆಯಿಲ್‌ನ ನಂಬರಿಗೂ ಇದಕ್ಕೂ ಹೋಲಿಕೆ ಮಾಡಬೇಡಿ, ಎರಡೂ ಬೇರೆ ಬೇರೆ ಅಳತೆಗೋಲುಗಳು. ಗೇರ್ ಆಯಿಲ್‌ನ 90 ಎಂದರೆ ಹೆಚ್ಚು ಕಡಿಮೆ ಎಂಜಿನ್ ಆಯಿಲ್‌ನ 40 ಅಥವಾ 50ರಷ್ಟೇ ಗಟ್ಟಿ.

100 ಡಿಗ್ರಿಯ ಅಂಕಿ ಒಂದನ್ನೇ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಕಂಪನಿಗಳು ಪ್ರಕಟಿಸುವ ತಾಂತ್ರಿಕ ವಿವರಪತ್ರದಲ್ಲಿ 40 ಡಿಗ್ರಿಯ ಅಂಕಿಯೂ ಇರುತ್ತದೆ. ಸಾಧಾರಣ 80ಡಬ್ಲ್ಯು-90 ಮಿನರಲ್ ಆಯಿಲ್ 40 ಡಿಗ್ರಿಯಲ್ಲಿ 140 ಸೆಂಟಿಸ್ಟೋಕ್ಸ್‌ನ ಆಸುಪಾಸು ಇರುತ್ತದೆ. ಸಿಂಥೆಟಿಕ್ 75ಡಬ್ಲ್ಯು-90 ಸುಮಾರು 100ರಿಂದ 115. 85ಡಬ್ಲ್ಯು-140 ಮಿನರಲ್ 330ರ ಆಸುಪಾಸು ಇರುತ್ತದೆ. ಸಿಂಥೆಟಿಕ್ 75ಡಬ್ಲ್ಯು-140 ಮಾತ್ರ 175ರ ಸುತ್ತಮುತ್ತ. ನಮ್ಮ ಊರುಗಳಲ್ಲಿ ಬೆಳಗ್ಗೆ ವಾಹನ ಹೊರಡುವಾಗ ಆಕ್ಸಲ್ 40 ಡಿಗ್ರಿಗಿಂತ ತಣ್ಣಗಿರುತ್ತದೆ. ಅಂದರೆ ನನ್ನ ಗೇಟಿನ ತಿರುವಿನಲ್ಲಿ ಆ 140ರ ಆಯಿಲ್ 330ಕ್ಕಿಂತಲೂ ಬಹಳ ಗಟ್ಟಿಯಾಗಿತ್ತು. ಆಕ್ಸಲ್‌ನಲ್ಲಿ ಆಯಿಲ್ ಪಂಪ್ ಇಲ್ಲ. ಪಿನಿಯನ್ ತಿರುಗಿಸುವ ದೊಡ್ಡ ಗೇರು, ಅಂದರೆ ಕ್ರೌನ್ ವೀಲ್, ತಿರುಗುತ್ತಾ ಎರಚಿದ್ದೇ ಪ್ಲೇಟು, ಬೇರಿಂಗುಗಳಿಗೆ ಸಿಗುವ ಪಾಲು. ಅಂಟಂಟಾದ ಆಯಿಲ್ ಪ್ಲೇಟುಗಳ ಸಂದಿಗೆ ಇಳಿಯುವುದೂ ತಡ, ಅಲ್ಲಿಂದ ಹೊರಬರುವುದೂ ತಡ.

ಹಂತ 3: ಹವೆ, ಹೊರೆ ನೋಡಿ ನಂಬರ್ ಆರಿಸುವುದು

ಆರಂಭ ಯಾವಾಗಲೂ ಕೈಪಿಡಿಯಿಂದ. ಹಲವು ಹಳೆಯ ಜಪಾನೀ ವಾಹನಗಳ ಕೈಪಿಡಿಗಳು ಮೈನಸ್ 18 ಡಿಗ್ರಿಗಿಂತ ಮೇಲೆ 90, ಅದಕ್ಕಿಂತ ಕೆಳಗೆ 80ಡಬ್ಲ್ಯು ಎಂದು ಸರಳವಾಗಿ ಬರೆದುಬಿಡುತ್ತವೆ. ಹೊಸ ವಾಹನಗಳಿಗೆ 75ಡಬ್ಲ್ಯು-85ರಂಥ ತೆಳು ಆಯಿಲ್ ಹೇಳುವುದುಂಟು. ಇಂಧನ ಉಳಿಸಲೆಂದೇ ಅದನ್ನು ಆರಿಸಿರುತ್ತಾರೆ. ತೆಳುವಾಗಿದೆ ಎಂದು ಗಾಬರಿಯಾಗಿ ಅದನ್ನು ಬದಲಿಸುವ ಅಗತ್ಯವಿಲ್ಲ. ಕೈಪಿಡಿಯಲ್ಲಿ ಒಂದಕ್ಕಿಂತ ಹೆಚ್ಚು ನಂಬರಿಗೆ ಅವಕಾಶ ಕೊಟ್ಟಿದ್ದರೆ ಆಗ ನಿಮ್ಮ ವಿವೇಚನೆಗೆ ಕೆಲಸ.

ಬೆಂಗಳೂರು, ಮೈಸೂರು, ಮಲೆನಾಡಿನಂಥ ಕಡೆ, ಸಾಧಾರಣ ಹೊರೆಗೆ, 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಧಾರಾಳವಾಗಿ ಸಾಕು. ಇವೆರಡರಲ್ಲಿ ದುಡ್ಡಿಗೆ ತೊಂದರೆ ಇಲ್ಲದಿದ್ದರೆ ನನ್ನ ಮತ ಸಿಂಥೆಟಿಕ್ 75ಡಬ್ಲ್ಯು-90ಕ್ಕೆ. ಬೆಳಗ್ಗೆ ಬೇಗ ಹರಿಯುತ್ತದೆ, ಬಿಸಿಯಲ್ಲಿ ಅಷ್ಟೇ ಗಟ್ಟಿ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿ ಮುಟ್ಟುತ್ತದೆ. ಆದರೂ ಬರಿಯ ಬಿಸಿಲಿಗಾಗಿ 140 ಬೇಕಾಗಿಲ್ಲ. ಆಕ್ಸಲ್ ಬಿಸಿಯಾಗುವುದು ಬಿಸಿಲಿಗಿಂತ ಹೆಚ್ಚಾಗಿ ಹೊರೆಗೆ. ಟ್ರೇಲರ್ ಎಳೆಯುವುದು, ತುಂಬಿದ ಹೊರೆಯೊಂದಿಗೆ ಗಂಟೆಗಟ್ಟಲೆ ಹೆದ್ದಾರಿ ಓಟ, ಉದ್ದದ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಹತ್ತುವುದು, ಇವು ನಿತ್ಯದ ಕೆಲಸವಾಗಿದ್ದರೆ ಮತ್ತು ಕೈಪಿಡಿ ಒಪ್ಪಿದರೆ 75ಡಬ್ಲ್ಯು-140 ಆರಿಸಿ. 85ಡಬ್ಲ್ಯು-140 ಅಗ್ಗ ನಿಜ. ಆದರೆ ಮೇಲೆ ಹೇಳಿದ 40 ಡಿಗ್ರಿಯ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿಗೆ ಅದನ್ನು ನಾನಂತೂ ಹಾಕುವುದಿಲ್ಲ.

ಊಹೆಯ ಮೇಲೆ ನಿಲ್ಲಬೇಡಿ, ಅಳೆಯಿರಿ. ಬಂದೂಕಿನಂತೆ ಹಿಡಿದು ಒತ್ತುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಅತಿ ಕಠಿಣ ದಾರಿಯನ್ನು ಮುಗಿಸಿದ ಕೂಡಲೇ ಹಿಂದಿನ ಹೌಸಿಂಗಿನ ಅಡಿಭಾಗದ ಕೆಸರು ಒರೆಸಿ ಅಲ್ಲಿಗೆ ಗುರಿಯಿಡಿ. 60ರಿಂದ 90 ಡಿಗ್ರಿಯೊಳಗಿದ್ದರೆ 90ರ ನಂಬರು ನೆಮ್ಮದಿಯಾಗಿದೆ. ಮತ್ತೆ ಮತ್ತೆ 110 ದಾಟುತ್ತಿದ್ದರೆ ಗಟ್ಟಿ ನಂಬರಿನ ಯೋಚನೆ ಮಾಡಿ. ಹೊರೆಯೇ ಇಲ್ಲದೆ ಅಷ್ಟು ಬಿಸಿಯಾಗುತ್ತಿದ್ದರೆ ಬೇರಿಂಗ್ ಬಿಗಿಯಾಗಿರಬಹುದು ಅಥವಾ ಆಯಿಲ್ ಕಡಿಮೆಯಿರಬಹುದು. ಅದನ್ನು ನಂಬರ್ ಬದಲಿಸಿ ಮುಚ್ಚಿಡಬೇಡಿ. ಸವೆದ ಕ್ರೌನ್ ಪಿನಿಯನ್‌ನ ಕೊರಗುವ ಸದ್ದಿಗೆ 140 ಹಾಕುವುದೂ ಇಂಥದ್ದೇ. ಸದ್ದು ಕೆಲವು ತಿಂಗಳು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ.

ಹಂತ 4: ಜಿಎಲ್-5, ಮತ್ತು ಫ್ರಿಕ್ಷನ್ ಮಾಡಿಫೈಯರ್

ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರುಗಳ, ಅಂದರೆ ಕ್ರೌನ್ ವೀಲ್ ಮತ್ತು ಪಿನಿಯನ್‌ನ, ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜುತ್ತಾ ಸರಿಯುತ್ತವೆ. ಅಲ್ಲಿನ ಒತ್ತಡಕ್ಕೆ ಬರಿಯ ಎಣ್ಣೆಯ ಪದರ ನಿಲ್ಲುವುದಿಲ್ಲ. ಗಂಧಕ, ರಂಜಕದ ಸಂಯುಕ್ತಗಳು ಬಿಸಿಯಲ್ಲಿ ಉಕ್ಕಿನೊಂದಿಗೆ ಸೇರಿ ರಕ್ಷಣೆಯ ಪದರ ಕಟ್ಟುತ್ತವೆ. ಇವು ಹೆಚ್ಚಿರುವ ಆಯಿಲ್‌ಗೆ ಎಪಿಐ ಜಿಎಲ್-5 ಎಂಬ ಗುರುತು. ಅಂಗಡಿಯಲ್ಲಿ "ತೊಂಬತ್ತು ನಂಬರ್ ಕೊಡಿ" ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಇಪಿ 90 ಎಂದು ಬರೆದ ಡಬ್ಬಿ. ಅದು ಜಿಎಲ್-4 ಆಗಿರುವುದು ಬಹಳ. ಡಬ್ಬಿ ತಿರುಗಿಸಿ ಹಿಂಬದಿ ಓದಿಯೇ ದುಡ್ಡು ಕೊಡಿ. ಅದೇ ಜಿಎಲ್-5 ಅನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಅಲ್ಲಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿಗೆ ಅದು ಒಳ್ಳೆಯದಲ್ಲ.

ಇನ್ನು ನನ್ನನ್ನು ಕಾಡಿದ ನಡುಕದ ವಿಚಾರ. ಭಾರದ ಬೆಂಚನ್ನು ಗಾರೆ ನೆಲದ ಮೇಲೆ ತಳ್ಳಿ ನೋಡಿ. ಅಂಟಿಕೊಳ್ಳುತ್ತದೆ, ಜರ್ರೆಂದು ಸರಿಯುತ್ತದೆ, ಮತ್ತೆ ಅಂಟುತ್ತದೆ. ಕ್ಲಚ್ ಪ್ಲೇಟುಗಳೂ ತಿರುವಿನಲ್ಲಿ ಹೀಗೆಯೇ ಅಂಟಿ, ಬಿಟ್ಟು, ಅಂಟಿ, ಬಿಟ್ಟು ಮಾಡಿದಾಗ ಆಕ್ಸಲ್ ಗುರುಗುಟ್ಟುತ್ತದೆ. ಫ್ರಿಕ್ಷನ್ ಮಾಡಿಫೈಯರ್ ಎಂಬ ಸೇರಿಕೆ ಪ್ಲೇಟಿನ ಮೇಲೆ ನವಿರಾದ ಪದರವಾಗಿ ಕೂತು, ನಿಧಾನ ಜಾರುವಿಕೆಯಲ್ಲಿ ಹಿಡಿತ ಒಮ್ಮೆಲೇ ಏರದಂತೆ ನೋಡಿಕೊಳ್ಳುತ್ತದೆ. ಆಯಿಲ್ ಎಷ್ಟು ಗಟ್ಟಿಯಾದರೂ ಈ ಕೆಲಸವನ್ನು ತಾನು ಮಾಡಲಾರದು.

ಡಬ್ಬಿಯ ಮೇಲೆ ಎಲ್‌ಎಸ್ ಅಥವಾ ಲಿಮಿಟೆಡ್ ಸ್ಲಿಪ್ ಎಂದಿದ್ದರೆ ಮಾಡಿಫೈಯರ್ ಒಳಗೇ ಇದೆ, ಪ್ರತ್ಯೇಕವಾಗಿ ಹಾಕಬೇಡಿ. ಬರಿಯ ಜಿಎಲ್-5 ಆದರೆ ಬೇರೆ ಸೀಸೆ ಬೇಕು. ಅಮೆರಿಕದ ಆಕ್ಸಲ್‌ಗಳಿಗೆಂದು ಬರುವ ಸೀಸೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಔನ್ಸ್, ಅಂದರೆ ಸುಮಾರು 118 ಮಿಲಿಲೀಟರ್ ಇರುತ್ತದೆ. ಅಷ್ಟನ್ನೂ ಒಂದೇ ಸಲ ಸುರಿಯಬೇಡಿ. ಅರ್ಧ ಹಾಕಿ, ಓಡಿಸಿ, ನಡುಕ ಉಳಿದಿದ್ದರೆ ಇನ್ನಷ್ಟು ಸೇರಿಸಿ. ಹೆಚ್ಚಾದರೆ ಪ್ಲೇಟುಗಳು ಹಿಡಿಯುವುದನ್ನೇ ಬಿಡುತ್ತವೆ, ಕೆಸರಿನಲ್ಲಿ ನಿಮ್ಮ ಎಲ್‌ಎಸ್‌ಡಿ ಸಾಮಾನ್ಯ ಡಿಫರೆನ್ಷಿಯಲ್‌ನಂತೆ ಕೈಕೊಡುತ್ತದೆ.

ಹೆಲಿಕಲ್ ಗೇರಿನ ಬಗೆಗೆ ಮಾಡಿಫೈಯರ್ ಬೇಡವೇ ಬೇಡ. ಘರ್ಷಣೆಯನ್ನೇ ನಂಬಿ ಬದುಕುವ ಯಂತ್ರಕ್ಕೆ ಘರ್ಷಣೆ ತಗ್ಗಿಸುವ ಮದ್ದು ಕೊಟ್ಟಂತಾಗುತ್ತದೆ. ಈಟನ್ ಕಂಪನಿ ಟ್ರೂಟ್ರ್ಯಾಕ್ ಎಂಬ ತನ್ನ ಹೆಲಿಕಲ್ ಎಲ್‌ಎಸ್‌ಡಿಗೆ ಮಾಡಿಫೈಯರ್ ಇಲ್ಲದ ಮಿನರಲ್ ಜಿಎಲ್-5 ಆಯಿಲನ್ನೇ ಹೇಳುತ್ತದೆ. ಸಿಂಥೆಟಿಕ್ ಎಲ್ಲ ಕಡೆಗೂ ಮೇಲು ಎಂದು ನಂಬಿದವರು ಇದನ್ನು ಗಮನಿಸಬೇಕು.

ಹಂತ 5: ಬದಲಿಸುವ ಕೆಲಸ

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ, ಬೆಚ್ಚಗಿನ ಆಯಿಲ್ ತಳದ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ತುಕ್ಕು ಹಿಡಿದು ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಇಳಿಸಿಕೊಂಡು, ಮೇಲಿನದು ಬಿಚ್ಚಲಾಗದೆ ವಾಹನ ಅಂಗಳದಲ್ಲೇ ಉಳಿದ ಪ್ರಸಂಗ ಕಂಡಿದ್ದೇನೆ.

ಡ್ರೈನ್ ಪ್ಲಗ್‌ನ ತುದಿಯ ಅಯಸ್ಕಾಂತವನ್ನು ಬೆಳಕಿಗೆ ಹಿಡಿದು ನೋಡಿ. ಕಾಡಿಗೆಯಂತೆ ನುಣ್ಣನೆಯ ಬೂದುಬಣ್ಣದ ಲೇಪವಿದ್ದರೆ ಅದು ಸಹಜ ಸವೆತ. ಬೆರಳಿನ ನಡುವೆ ಉಜ್ಜಿದಾಗ ಮರಳಿನಂತೆ ಚುಚ್ಚಿದರೆ, ಚಕ್ಕೆಗಳು ಕಂಡರೆ, ಹೌಸಿಂಗ್ ಬಿಚ್ಚಿಸುವ ಕಾಲ ಬಂದಿದೆ. ಕ್ಲಚ್ ಪ್ಲೇಟಿನ ಬಗೆಯಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಒಳಗೆ ನೀರು ಸೇರಿದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ, ಕೆಸರಿನಿಂದ ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ತೊಳೆಯದೆ ಹೊಸ ಆಯಿಲ್ ಹಾಕಿದರೆ ಮುಂದಿನ ಹಳ್ಳದಲ್ಲಿ ಮತ್ತೆ ಅದೇ ಕಥೆ.

ಒಳಗೆ ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ತೊಳೆಯುವ ರೂಢಿ ಇದೆ. ಎಲ್‌ಎಸ್‌ಡಿಗೆ ಅದು ಸಲ್ಲದು. ಪ್ಲೇಟುಗಳ ಸಂದಿಯಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಅಳೆದೂ ಸುರಿದೂ ಆರಿಸಿದ ನಂಬರ್ ಒಂದೇ ಏಟಿಗೆ ವ್ಯರ್ಥವಾಗುತ್ತದೆ.

ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಬಿಗಿ ಮಾಡಿ. ಕೈಪಿಡಿ ಬೇರೆ ಮಟ್ಟ ಹೇಳದಿದ್ದರೆ ಫಿಲ್ಲರ್ ತೂತಿನ ಕೆಳಅಂಚಿನಿಂದ ಆಯಿಲ್ ಜಿನುಗುವವರೆಗೆ ತುಂಬಿ. ಪ್ರತ್ಯೇಕ ಮಾಡಿಫೈಯರ್ ಹಾಕುವುದಾದರೆ ಅದನ್ನು ಮೊದಲು ಸುರಿದು ಆಮೇಲೆ ಆಯಿಲ್ ತುಂಬಿ. ಕೊನೆಗೆ ಸುರಿದರೆ ಜಾಗವಿಲ್ಲದೆ ಹೊರಗೆ ಚೆಲ್ಲುತ್ತದೆ.

ಹಂತ 6: ಎಂಟರ ಸುತ್ತು, ಆಮೇಲಿನ ಕಿವಿ

ತೆರೆದ ಬಯಲಿನಲ್ಲಿ, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ, ಟೂ ವೀಲ್ ಡ್ರೈವ್‌ನಲ್ಲಿ, ಸ್ಟಿಯರಿಂಗ್ ಬಹುಪಾಲು ತಿರುಗಿಸಿ ಎಂಟರ ಆಕಾರದಲ್ಲಿ ಎಂಟು ಹತ್ತು ಸುತ್ತು ಹೊಡೆಯಿರಿ. ಪ್ಲೇಟುಗಳು ಒಂದರ ಮೇಲೊಂದು ಜಾರಿದಾಗಲೇ ಸಂದಿಯ ಹಳೆಯ ಆಯಿಲ್ ಹೊರಬಂದು ಹೊಸದು ಒಳಹೋಗುತ್ತದೆ. ಮೊದಲ ಎರಡು ಸುತ್ತಿನಲ್ಲಿ ನಡುಕ ಕಂಡರೆ ಚಿಂತೆಯಿಲ್ಲ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ಗಮನಿಸಿ.

ಆಗ ಕಿವಿಗೆ ಬೀಳುವುದರಿಂದಲೇ ಬಹಳಷ್ಟು ತಿಳಿಯುತ್ತದೆ. ತಿರುವಿನಲ್ಲಿ ಮಾತ್ರ ಗುರುಗುಟ್ಟಿದರೆ ಮಾಡಿಫೈಯರ್ ಸಾಲದು, ಅಥವಾ ಪ್ಲೇಟು ಸುಟ್ಟಿದೆ. ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಕೊರಗಿದರೆ ಗೇರಿನ ಹಲ್ಲು ಅಥವಾ ಅದರ ಹೊಂದಾಣಿಕೆಯನ್ನು ಪರೀಕ್ಷಿಸಿ. ಬೆಳಗ್ಗೆ ಎಳೆದಂತೆ ಭಾರವಾಗಿದ್ದು ಅರ್ಧ ಗಂಟೆಯ ಓಟದ ಮೇಲೆ ಹಗುರವಾದರೆ ನಂಬರ್ ನಿಮ್ಮ ಊರಿಗೆ ಹೆಚ್ಚಾಯಿತು. ಚೆನ್ನಾಗಿ ಓಡುತ್ತಿದ್ದ ವಾಹನದಲ್ಲಿ ವರ್ಷಗಳ ಮೇಲೆ ನಡುಕ ಶುರುವಾದರೆ ಮಾಡಿಫೈಯರ್ ಸತ್ತಿದೆ ಎಂದರ್ಥ, ಆಯಿಲ್ ಬದಲಿಸಿ. ನಾನು 30,000 ಕಿಲೋಮೀಟರಿಗೆ ಒಮ್ಮೆ ಬದಲಿಸುತ್ತೇನೆ. ಆಕ್ಸಲ್ ಮುಳುಗುವ ನೀರಿನಲ್ಲಿ ಇಳಿದು ಬಂದ ವಾರವೇ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ.

ಇಳಿಸಿದ ಹಳೆಯ ಆಯಿಲನ್ನು ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಗಳಿಗೆ ಬಳಿಯುವುದು ನಮ್ಮ ಕಡೆ ಹಳೆಯ ರೂಢಿ. ನಾನು ಬಿಟ್ಟಿದ್ದೇನೆ. ಮೊದಲ ಮಳೆಗೇ ಅದು ತೊಳೆದು ತೋಡಿಗೆ, ತೋಡಿನಿಂದ ಹೇಮಾವತಿಗೆ ಸೇರುತ್ತದೆ. ಖಾಲಿ ಡಬ್ಬಿಗೇ ಹಳೆಯ ಆಯಿಲ್ ತುಂಬಿಸಿ, ಬಳಸಿದ ಆಯಿಲನ್ನು ಅಧಿಕೃತ ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಟ್ಟು ಬನ್ನಿ. ಡಬ್ಬಿ ಕೊಡುವ ಮೊದಲು ಅದರ ಮೇಲಿನ ನಂಬರ್, ಜಿಎಲ್ ಗುರುತು, ಎಲ್‌ಎಸ್ ಇದೆಯೋ ಇಲ್ಲವೋ, ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಬಾಗಿಲಿನ ಒಳಅಂಚಿಗೆ ಅಂಟಿಸಿ. ಮುಂದಿನ ಸಲ ಪ್ಲಗ್ ಬಿಚ್ಚುವವರು ಬೇರೆ ಯಾರೋ ಆಗಿರಬಹುದು.